ನಾಲ್ಕೂವರೆ ಗಂಟೆಯ ನಂತರ

(ಚಿಕ್ಕಮಗಳೂರು ಜಿಲ್ಲೆಯ ಅತ್ತಿಗುಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟಿರುವ ಮನೆಯವರು ನನಗೆ ಹಾಕಿದ ಷರತ್ತು ಒಂದೇ: ಮಾತು ಆರೋಗ್ಯದ ಬಗ್ಗೆ ಇರಲಿ, ಉಪದೇಶ ಬೇಡ. ಹಾಗಾಗಿ ಬೀಡಿ ಬಿಡಿ, ಉಪ್ಪು ಕಡಿಮೆ ತಿನ್ನಿ ಎಂದು ಹೇಳುವ ಕಷ್ಟ ನನಗೂ ತಪ್ಪಿತು, ಕೇಳುವ ಕಷ್ಟ ನಿಮಗೂ ತಪ್ಪಿತು. ಸರ್ಕಾರಿ ವೈದ್ಯನಾಗಿ ಈ ಜಿಲ್ಲೆಯ ಕಾಫಿ ಸೀಮೆಯಲ್ಲೇ ಸೇವೆ ಮುಗಿಸಿದವನು ನಾನು. ಇವತ್ತು ಒಂದು ಲೆಕ್ಕ ಒಪ್ಪಿಸಲು ಬಂದಿದ್ದೇನೆ. ಆ ಲೆಕ್ಕದ ಜೊತೆಗೆ ನಿಮ್ಮಲ್ಲಿ ಹಲವರಿಗೆ ಹಿಡಿಸದ ಮಾತೊಂದನ್ನೂ ಹೇಳಬೇಕಿದೆ.

ವಾರಕ್ಕೆ 168 ಗಂಟೆ. ಕೇಂದ್ರ ಸರ್ಕಾರದ ‘ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ’ದ 2012ರ ಆವೃತ್ತಿಯ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ನಡೆಯಬೇಕು. ಅಲ್ಲಿಗೆ 36 ಗಂಟೆ. ನಮ್ಮಲ್ಲಿ ಬೋರ್ಡಿನ ಮೇಲೆ ಬೆಳಿಗ್ಗೆ 9ರಿಂದ ಸಂಜೆ 4.30 ಎಂದು ಬರೆದಿರುತ್ತದೆ. ಊಟದ ಹೊತ್ತನ್ನೂ ಸೇರಿಸಿ ಧಾರಾಳವಾಗಿ ಎಣಿಸಿದರೆ 45. ಉಳಿದ 123 ಗಂಟೆ, ಹೆಚ್ಚುಕಡಿಮೆ ವಾರದ ಮುಕ್ಕಾಲು ಪಾಲು, ಡಾಕ್ಟರ ಕುರ್ಚಿ ಖಾಲಿ. ಇಲಾಖೆಯ ತಪಾಸಣೆ, ವರದಿ, ಮೇಲಧಿಕಾರಿಗಳ ಭೇಟಿ ಎಲ್ಲವೂ ಉಳಿದ ಕಾಲು ಪಾಲಿನೊಳಗೇ ಮುಗಿಯುತ್ತವೆ. ಮುಕ್ಕಾಲು ಪಾಲನ್ನು ಕಂಡವರು ರೋಗಿ, ರೋಗಿಯನ್ನು ಹೊತ್ತು ತಂದವರು ಮತ್ತು ರಾತ್ರಿ ಪಾಳಿಯ ಸಿಸ್ಟರ್.

ಕಾಯಿಲೆಗೆ ಆಫೀಸಿನ ವೇಳೆ ಇಲ್ಲ. ಆಸ್ತಮಾ ಕೆರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವಕ್ಕೆ. ಮಕ್ಕಳ ಜ್ವರ ಏರುವುದು ಸಂಜೆಯಾದ ಮೇಲೆ. ಕಟ್ಟುಹಾವು ಇರುಳಲ್ಲಿ ಹರಿದಾಡುವ ಪ್ರಾಣಿ. ತೋಟದ ಕೆಲಸಗಾರರ ಲೈನುಮನೆಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಹೊಟ್ಟೆನೋವು ಎಂದು ಎದ್ದವನ ರೆಪ್ಪೆ ಇಳಿಬಿದ್ದಿರುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಿನ ಸರದಿ. ಇನ್ನು ಹೆರಿಗೆ ನೋವು ಯಾವಾಗ ಬರುತ್ತದೆ ಎಂಬುದನ್ನು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಸೀಮೆಗೆ ಇದರ ಮೇಲೆ ಇನ್ನಷ್ಟು ಕಷ್ಟಗಳಿವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಕುಯ್ಯುವ ಕಾಲ. ಅಸ್ಸಾಂ, ಬಂಗಾಳ, ಬಿಹಾರದ ಕಡೆಯಿಂದ ಬಂದ ಕೆಲಸಗಾರರು ಲೈನುಗಳಲ್ಲಿ ತುಂಬಿರುತ್ತಾರೆ. ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಅಳತೆ. ಆ ಜನಸಂಖ್ಯೆ 2011ರ ಜನಗಣತಿಯದು. ಜಿಲ್ಲೆಯಲ್ಲಿ ಆಗ 11,37,961 ಮಂದಿ. ಹಣ್ಣು ಕುಯ್ಯಲು ಬಂದವರು ಆ ಪಟ್ಟಿಯಲ್ಲಿಲ್ಲ. ಶನಿವಾರ ಮಧ್ಯಾಹ್ನ ಕೈಮರ ದಾಟಿ ಮುಳ್ಳಯ್ಯನಗಿರಿಗೂ ಮಾಣಿಕ್ಯಧಾರೆಗೂ ಹೊನ್ನಮ್ಮನ ಹಳ್ಳಕ್ಕೂ ಸಾಲುಗಟ್ಟುವ ಕಾರುಗಳವರೂ ಇಲ್ಲ. ಬೆಟ್ಟದ ಮೇಲೆ ಜನ ಅತಿ ಹೆಚ್ಚಿರುವುದು ಭಾನುವಾರ. ಆಸ್ಪತ್ರೆಗೆ ರಜೆಯಿರುವುದೂ ಭಾನುವಾರ. ದತ್ತ ಜಯಂತಿಗೆ, ಉರುಸಿಗೆ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆದು ಆಂಬ್ಯುಲೆನ್ಸ್ ನಿಲ್ಲಿಸುತ್ತಾರೆ. ಹಾಗಾದರೆ ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತು.

ದಾರಿಯ ಕಥೆ ನಿಮಗೇ ಗೊತ್ತು. ಇಲ್ಲಿಂದ ಚಿಕ್ಕಮಗಳೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಆದರೆ ಆಷಾಢದ ಮಂಜಿನಲ್ಲಿ ರಾತ್ರಿ ಹನ್ನೊಂದಕ್ಕೆ ಆ ತಿರುವುಗಳನ್ನು ಇಳಿಯುವಾಗ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಆದರೂ ನೀವು ಪುಣ್ಯವಂತರು. ಕಳಸದವರಿಗೆ ಜಿಲ್ಲಾ ಕೇಂದ್ರ ತೊಂಬತ್ತು ಕಿಲೋಮೀಟರಿನ ಆಸುಪಾಸು. ಮಳೆಗಾಲದಲ್ಲಿ ಭದ್ರೆ ಏರಿದರೆ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ನಡುವಿನ ನೇರ ದಾರಿಯೇ ಕಡಿಯುತ್ತದೆ. ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೆ ಓಡುತ್ತಾರೆ; ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಆಲ್ದೂರು, ಮೂಡಿಗೆರೆ ಕಡೆ ಕತ್ತಲಾದ ಮೇಲೆ ಆನೆಯ ಭಯ ಬೇರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಆಂಬ್ಯುಲೆನ್ಸ್ ಎಷ್ಟೋ ಜೀವ ಉಳಿಸಿದೆ, ನಾನೇ ಸಾಕ್ಷಿ. ಆದರೆ ಆಂಬ್ಯುಲೆನ್ಸ್ ಎಂಬುದು ಸಾಗಿಸುವ ವ್ಯವಸ್ಥೆ. ಎದೆಗೆ ಕಫ ಕಟ್ಟಿದ ಮಗುವಿಗೆ, ಸಕ್ಕರೆ ಇಳಿದು ಬೆವತು ಬಿದ್ದ ಅಜ್ಜನಿಗೆ ಬೇಕಾದದ್ದು ಹತ್ತಿರದಲ್ಲಿ ಬಾಗಿಲು ತೆರೆದ ಒಂದು ಕೋಣೆ, ಅದರೊಳಗೆ ಕೆಲಸ ಬಲ್ಲ ಒಬ್ಬರು.

ಆ ಒಬ್ಬರು ಯಾರು? ಈ ಪ್ರಶ್ನೆಗೆ ಉತ್ತರ ನಮಗೆಲ್ಲ ಬಾಯಿಪಾಠವಾಗಿದೆ. ಗ್ರಾಮಸಭೆಯಲ್ಲಿ, ಮನವಿಪತ್ರದಲ್ಲಿ, ರಸ್ತೆ ತಡೆಯಲ್ಲಿ ಒಂದೇ ಬೇಡಿಕೆ: ‘ದಿನದ 24 ಗಂಟೆಯೂ ವೈದ್ಯರು ಇರಬೇಕು.’ ನಾನು ಹೇಳಲು ಬಂದಿರುವ ಕಹಿ ಮಾತು ಇದೇ: ಆ ಬೇಡಿಕೆ ತಪ್ಪು. ಅದನ್ನು ಕೇಳುತ್ತಾ ಕೂತದ್ದರಿಂದಲೇ ಸಿಗಬಹುದಾಗಿದ್ದದ್ದೂ ಕೈತಪ್ಪಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಡ್ಡಾಯವಾಗಿ ಇರಬೇಕಾದ ಎಂಬಿಬಿಎಸ್ ವೈದ್ಯ ಒಬ್ಬ. ಅವನು ಕೇಂದ್ರಸ್ಥಾನದಲ್ಲೇ ವಾಸವಿರಬೇಕೆಂದು ನಿಯಮ. ಹಗಲೆಲ್ಲ ರೋಗಿಗಳನ್ನು ನೋಡಿ, ಲಸಿಕೆಯ ವರದಿ, ಮೀಟಿಂಗು, ಶವಪರೀಕ್ಷೆ, ಕೋರ್ಟಿನ ಸಾಕ್ಷಿ ಎಲ್ಲ ಮುಗಿಸಿದ ಮನುಷ್ಯ ವರ್ಷದ 365 ರಾತ್ರಿಯೂ ಎದ್ದಿರಬೇಕು ಎಂಬುದು ಇದರ ತಾತ್ಪರ್ಯ. ಯಾರಿಂದಲೂ ಆಗದ ಕೆಲಸವನ್ನು ನಿಯಮ ಮಾಡಿದರೆ ನಿಯಮ ಕಾಗದದಲ್ಲಿ ಉಳಿಯುತ್ತದೆ. ವಸತಿಗೃಹದ ಹೆಂಚು ಒಡೆದಿರುತ್ತದೆ, ಮಕ್ಕಳ ಶಾಲೆ ಚಿಕ್ಕಮಗಳೂರಿನಲ್ಲಿರುತ್ತದೆ, ಡಾಕ್ಟರು ಸಂಜೆಯ ಬಸ್ಸಿಗೋ ತಮ್ಮ ಕಾರಿಗೋ ಹೊರಡುತ್ತಾರೆ. ಊರವರು ಬೈಯುತ್ತಾರೆ, ಮೇಲಿನವರು ನೋಟಿಸು ಕೊಡುತ್ತಾರೆ, ರಾತ್ರಿ ಮಾತ್ರ ಇದ್ದಹಾಗೇ ಇರುತ್ತದೆ. ಕಡ್ಡಾಯ ಗ್ರಾಮೀಣ ಸೇವೆಗೆಂದು ರಾಜ್ಯ 2012ರಲ್ಲಿ ಕಾಯ್ದೆಯನ್ನೇ ಮಾಡಿತು. ಒಂದು ವರ್ಷಕ್ಕೆಂದು ಬಂದ ಹುಡುಗ ವೈದ್ಯರು ಊರಿನ ದಾರಿ ಕಲಿಯುವಷ್ಟರಲ್ಲಿ ಸ್ನಾತಕೋತ್ತರ ಸೀಟಿಗೆ ಹೋಗುತ್ತಾರೆ. ಅವರನ್ನು ದೂರಲಾರೆ. ಆ ವಯಸ್ಸಿನಲ್ಲಿ ನಾವೂ ಸೀಟಿನ ಕನಸನ್ನೇ ಕಂಡವರು.

ಹಾಗಾದರೆ ನಿಜವಾಗಿ ರಾತ್ರಿ ನಡೆಸುತ್ತಿರುವವರು ಯಾರು? 2005ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಲ್ಲಿ ಕೆಲವು ಕೇಂದ್ರಗಳಿಗೆ ‘24x7’ ಎಂಬ ಫಲಕ ಬಂತು. ಫಲಕದ ಹಿಂದೆ ಮೂವರು ಸ್ಟಾಫ್ ನರ್ಸ್‌ಗಳು. ದಿನಕ್ಕೆ ಮೂರು ಪಾಳಿ, ಮೂವರು ನರ್ಸ್‌ಗಳು, ಲೆಕ್ಕ ಸರಿಹೋಯಿತು ಎಂದುಕೊಂಡವರು ಯಾರೋ ದೆಹಲಿಯಲ್ಲಿರಬೇಕು. ಈಗ ನಮ್ಮ ಲೆಕ್ಕ ಮಾಡೋಣ. ಒಬ್ಬ ನರ್ಸ್ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ 48. ಮೂವರದು 144. ವಾರದ 168ರಲ್ಲಿ ಇನ್ನೂ 24 ಗಂಟೆ ಉಳಿಯಿತು. ಯಾರೂ ರಜೆ ಹಾಕದಿದ್ದರೂ, ಯಾರ ಮನೆಯಲ್ಲೂ ಮದುವೆ ಆಗದಿದ್ದರೂ, ಯಾರಿಗೂ ಜ್ವರ ಬಾರದಿದ್ದರೂ ವಾರದಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಯಾರೂ ಇಲ್ಲ. ಒಂದು ಕುರ್ಚಿಯನ್ನು ವಾರವಿಡೀ ತುಂಬಿರಿಸಲು ರಜೆಯಿಲ್ಲದ ಲೆಕ್ಕದಲ್ಲೇ ಮೂರೂವರೆ ಜನ ಬೇಕು. ಗಳಿಕೆ ರಜೆ, ಹೆರಿಗೆ ರಜೆ, ತರಬೇತಿ ಸೇರಿಸಿದರೆ ಐದು. ಹಗಲು ಹೊರರೋಗಿ ವಿಭಾಗಕ್ಕೂ ಲಸಿಕೆಯ ದಿನಕ್ಕೂ ಇನ್ನೊಬ್ಬರು ಬೇಕಲ್ಲ, ಆ ಮಾತನ್ನು ನಾನಿನ್ನೂ ಎತ್ತಿಲ್ಲ.

2012ರ ಆ ಮಾನದಂಡದ ಪುಸ್ತಕ ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಯಾಗುವ ಕೇಂದ್ರವನ್ನು ‘ಎ’ ಎಂದೂ, 20 ಅಥವಾ ಹೆಚ್ಚು ಆಗುವುದನ್ನು ‘ಬಿ’ ಎಂದೂ ವಿಂಗಡಿಸಿತು. ಎ-ಗೆ ಕನಿಷ್ಠ ಮೂವರು ನರ್ಸ್, ಬಿ-ಗೆ ನಾಲ್ವರು. ರಾತ್ರಿಯ ಅಗತ್ಯವನ್ನು ಹೆರಿಗೆಯಿಂದಲೇ ಅಳೆದದ್ದು ಇಲ್ಲಿ ಕಾಣುತ್ತದೆ. ತಾಯಿಮರಣ ತಗ್ಗಿಸುವುದು ಅಂದಿನ ದೊಡ್ಡ ಗುರಿ, ಅದರಲ್ಲಿ ತಪ್ಪಿಲ್ಲ. ಆದರೆ ಇಂದು ಹೆರಿಗೆಗಳು ತಾಲ್ಲೂಕು ಆಸ್ಪತ್ರೆಗೆ, ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿವೆ. ಹೆರಿಗೆ ಕಡಿಮೆಯಾಯಿತು, ಆದ್ದರಿಂದ ರಾತ್ರಿ ನರ್ಸ್ ಬೇಡ ಎಂಬ ತೀರ್ಮಾನಕ್ಕೆ ಈ ಅಳತೆಗೋಲು ಸುಲಭವಾಗಿ ಎಡೆಕೊಡುತ್ತದೆ. ಉಬ್ಬಸದವನೂ ಹಾವು ಕಚ್ಚಿಸಿಕೊಂಡವನೂ ಹೆರಿಗೆಯ ರಿಜಿಸ್ಟರಿನಲ್ಲಿ ಬರುವುದಿಲ್ಲ.

ತೋಟದ ಆಸ್ಪತ್ರೆಗಳ ಕಥೆಯನ್ನು ಹಿರಿಯರು ನೆನಪಿಸಬಹುದು. 1951ರ ತೋಟ ಕಾರ್ಮಿಕರ ಕಾಯ್ದೆ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. ದೊಡ್ಡ ಎಸ್ಟೇಟುಗಳಲ್ಲಿ ಡಿಸ್ಪೆನ್ಸರಿ, ಕಾಂಪೌಂಡರು ಇದ್ದರು. ರಾತ್ರಿ ರೈಟರ ಮನೆಯ ಬಾಗಿಲು ತಟ್ಟಿದರೆ ಜೀಪು ಹೊರಡುತ್ತಿತ್ತು. ಆದರೆ ಕಾಯ್ದೆ ಅನ್ವಯಿಸುತ್ತಿದ್ದದ್ದು ಐದು ಹೆಕ್ಟೇರು ಮತ್ತು ಹದಿನೈದು ಕೆಲಸಗಾರರಿಗೆ ಮೇಲ್ಪಟ್ಟ ತೋಟಗಳಿಗೆ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಆ ಕಾಯ್ದೆಯೂ ಈಗ 2020ರ ವೃತ್ತಿ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿದೆ. ಜೀಪಿನ ಕಾಲ ಮತ್ತೆ ಬರುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ನಕ್ಷೆ ಬರೆದದ್ದು 1946ರ ಭೋರ್ ಸಮಿತಿ. ಆಗ ದೇಶದಲ್ಲಿ ಸುಮಾರು 47,500 ವೈದ್ಯರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಲ್‌ಎಂಪಿಗಳಂಥ ಲೈಸೆನ್ಷಿಯೇಟರು, ಎಂದರೆ ಕಡಿಮೆ ಅವಧಿಯ ಕೋರ್ಸು ಓದಿದವರು. ಹಳ್ಳಿಯ ಡಿಸ್ಪೆನ್ಸರಿಗಳಲ್ಲಿ ನಮ್ಮ ಅಜ್ಜಂದಿರು ಕಂಡ ‘ಡಾಕ್ಟ್ರು’ ಇವರೇ. ಇನ್ನುಮುಂದೆ ಪದವೀಧರ ವೈದ್ಯರು ಮಾತ್ರ ಸಾಕು ಎಂದು ಸಮಿತಿ ಹೇಳಿತು. ಆರು ಸದಸ್ಯರು ಭಿನ್ನಮತ ಬರೆದರು. ಅದು ಬದಿಗೆ ಸರಿಯಿತು. ಆ ದಿನ ದೇಶದಲ್ಲಿದ್ದ ನರ್ಸ್‌ಗಳು ಸುಮಾರು ಏಳು ಸಾವಿರ. ಆಗ ವೈದ್ಯನ ಮೇಲೆ ಎಲ್ಲವನ್ನೂ ಕಟ್ಟಿದ್ದಕ್ಕೆ ಒಂದು ಕಾರಣವಿತ್ತು. ಈಗ ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳ ಮುಂಚೂಣಿಯಲ್ಲಿ ಕರ್ನಾಟಕವಿದೆ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಓದಿದ ಹೆಣ್ಣುಮಕ್ಕಳು ಲಂಡನ್ನಿನಲ್ಲಿ, ದುಬೈಯಲ್ಲಿ ರಾತ್ರಿ ಪಾಳಿ ನಡೆಸುತ್ತಿದ್ದಾರೆ. ನಕ್ಷೆ ಮಾತ್ರ 1946ರದೇ.

ನೆದರ್‌ಲ್ಯಾಂಡ್ಸ್‌ನವರು ನಕ್ಷೆ ಬದಲಿಸಿದರು. 2000ದ ಆಸುಪಾಸಿನವರೆಗೆ ಅಲ್ಲಿಯ ಕುಟುಂಬ ವೈದ್ಯರೂ ಸಣ್ಣ ಗುಂಪು ಮಾಡಿಕೊಂಡು ಸರದಿಯ ಮೇಲೆ ರಾತ್ರಿ ನೋಡುತ್ತಿದ್ದರು, ಸುಸ್ತಾಗುತ್ತಿದ್ದರು. ಆಮೇಲೆ ಬಹಳಷ್ಟು ವೈದ್ಯರು ಸೇರಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಇಡೀ ಸೀಮೆಗೆ ಒಂದು ಕೇಂದ್ರ. ರೋಗಿ ಮೊದಲು ಫೋನ್ ಮಾಡಬೇಕು. ಎತ್ತುವವರು ತರಬೇತಿ ಪಡೆದ ಸಹಾಯಕಿಯರು. ಬರೆದಿಟ್ಟ ಪ್ರಶ್ನೆಗಳನ್ನು ಕೇಳಿ ಬರಬೇಕೋ, ಬೆಳಗಾಗಲಿ ಎನ್ನಬೇಕೋ, ಆಂಬ್ಯುಲೆನ್ಸ್ ಕಳಿಸಬೇಕೋ ತೀರ್ಮಾನಿಸುತ್ತಾರೆ, ಹಿಂದೆ ವೈದ್ಯರ ಮೇಲ್ವಿಚಾರಣೆ ಇರುತ್ತದೆ. ಮುಂದೆ ಐಂದ್‌ಹೋವನ್ ಕಡೆ ವಾರಾಂತ್ಯದ ಪಾಳಿಯಲ್ಲಿ ಐವರು ವೈದ್ಯರ ಬದಲು ನಾಲ್ವರು ವೈದ್ಯರು ಮತ್ತು ಹೆಚ್ಚಿನ ತರಬೇತಿಯ ಒಬ್ಬ ನರ್ಸ್ ಇದ್ದರೆ ಹೇಗೆ ಎಂದೂ ಪರೀಕ್ಷಿಸಿ ನೋಡಿದರು. ಡೆನ್ಮಾರ್ಕ್ 1992ರಲ್ಲಿ ಇಂಥದೇ ವ್ಯವಸ್ಥೆ ಮಾಡಿಕೊಂಡಿತು. ಅಲ್ಲಿ ಫೋನ್ ಎತ್ತಿದ್ದು ಸ್ವತಃ ವೈದ್ಯರು. ಶ್ರೀಮಂತ ದೇಶಗಳೂ ಪ್ರತಿ ಊರಿಗೊಬ್ಬ ವೈದ್ಯನನ್ನು ರಾತ್ರಿಯಿಡೀ ಕೂರಿಸುವ ಆಸೆಯನ್ನು ಕೈಬಿಟ್ಟಿವೆ.

ಬ್ರಿಟನ್ನಿನ ಪಾಠ ಬೇರೆ. 2004ರ ಒಪ್ಪಂದದಲ್ಲಿ ಅಲ್ಲಿಯ ಕುಟುಂಬ ವೈದ್ಯರು ವರ್ಷಕ್ಕೆ ಸುಮಾರು 6,000 ಪೌಂಡ್ ಬಿಟ್ಟುಕೊಟ್ಟು ರಾತ್ರಿಯ ಹೊಣೆಯಿಂದ ಕಳಚಿಕೊಳ್ಳಬಹುದಾಯಿತು, ಬಹುತೇಕರು ಕಳಚಿಕೊಂಡರು. ರಾತ್ರಿಯನ್ನು ಗುತ್ತಿಗೆಗೆ ಕೊಡಬೇಕಾಯಿತು. 2008ರಲ್ಲಿ ವಾರಾಂತ್ಯದ ಪಾಳಿಗೆಂದು ಜರ್ಮನಿಯಿಂದ ಬಂದಿದ್ದ ವೈದ್ಯರೊಬ್ಬರು ನೋವುಮದ್ದನ್ನು ಹತ್ತು ಪಟ್ಟು ಕೊಟ್ಟು ರೋಗಿ ಸತ್ತ ಮೇಲೆ ದೇಶವೆಲ್ಲ ಬೆಚ್ಚಿತು. ವೈದ್ಯ ಎಂಬ ಹೆಸರಿದ್ದರೆ ಸಾಲದು. ಊರು, ಔಷಧಿ, ಪದ್ಧತಿ ಗೊತ್ತಿಲ್ಲದ ಬದಲಿ ವೈದ್ಯನಿಗಿಂತ ಹತ್ತು ವರ್ಷ ಅದೇ ವಾರ್ಡಿನಲ್ಲಿರುವ ನರ್ಸ್ ಮೇಲು ಎಂಬ ನನ್ನ ಅಭಿಪ್ರಾಯವನ್ನು ಅದು ಗಟ್ಟಿಮಾಡಿತು.

ನರ್ಸ್ ಕೈಗೆ ಕೊಟ್ಟರೆ ಅಪಾಯವಲ್ಲವೇ ಎಂದು ಕೇಳುತ್ತೀರಿ. ಈಗಾಗಲೇ ಕೊಟ್ಟಿದ್ದೇವೆ. ಹೆರಿಗೆಯಲ್ಲಿ ರಕ್ತ ಹರಿದರೆ ಆಕ್ಸಿಟೋಸಿನ್, ನಂಜಿನ ಫಿಟ್ಸ್ ಬಂದರೆ ಮೆಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸು, ಇವನ್ನು ತರಬೇತಿ ಪಡೆದ ನರ್ಸ್‌ಗಳೂ ಎಎನ್‌ಎಂಗಳೂ ಕೊಡಬಹುದು ಎಂದು ಕೇಂದ್ರ ಸರ್ಕಾರ ಬರವಣಿಗೆಯಲ್ಲಿ ಒಪ್ಪಿ ಬಹಳ ವರ್ಷಗಳಾದವು. 2018ರಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ಅವರು ಬಿಎಸ್ಸಿ ನರ್ಸಿಂಗ್ ಓದಿದವರು. ಬಿಪಿ, ಶುಗರಿನ ಮಾತ್ರೆ ಅವರ ಕೈಯಿಂದಲೇ ಬರುತ್ತದೆ. ಹಗಲಿಗೆ ಒಪ್ಪಿದ ನಂಬಿಕೆಯನ್ನು ರಾತ್ರಿಗೆ ಒಪ್ಪಲು ಮಾತ್ರ ಹಿಂಜರಿಕೆ.

ಎಂಬಿಬಿಎಸ್ ಅಲ್ಲದವರನ್ನು ನಂಬಬಹುದೇ ಎಂಬುದಕ್ಕೂ ಉತ್ತರವಿದೆ. ಛತ್ತೀಸ್‌ಗಢ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸು ತೆರೆದು, ಓದಿದವರನ್ನು ಕಾಡಿನ ಆರೋಗ್ಯ ಕೇಂದ್ರಗಳಿಗೆ ಹಾಕಿತು. ಸಾಮಾನ್ಯ ಕಾಯಿಲೆಗಳನ್ನು ಗುರುತಿಸಿ ಮದ್ದು ಕೊಡುವುದರಲ್ಲಿ ಅವರು ಎಂಬಿಬಿಎಸ್ ವೈದ್ಯರಿಗೆ ಸರಿಸಾಟಿ ಎಂದು 2010ರ ಅಧ್ಯಯನ ಕಂಡುಕೊಂಡಿತು.

ರಾತ್ರಿ ನರ್ಸ್ ಏನು ಮಾಡಬಲ್ಲರು ಎಂಬುದನ್ನು ಹಾವಿನ ವಿಷಯದಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಗೆ ಇದು ನಿತ್ಯದ ಮಾತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಚ್ಚಿ ರಾತ್ರಿ ಒಬ್ಬರು ಬಂದರು ಎನ್ನಿ. ಒಣಗಿದ ಸ್ವಚ್ಛ ಗಾಜಿನ ಕೊಳವೆಯಲ್ಲಿ ಎರಡು ಎಂಎಲ್ ರಕ್ತ ಹಾಕಿ ಅಲ್ಲಾಡಿಸದೆ 20 ನಿಮಿಷ ಇಡಬೇಕು. ಹೆಪ್ಪುಗಟ್ಟಲಿಲ್ಲವೆಂದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ. ಹೆಪ್ಪುಗಟ್ಟಿದರೂ ರೆಪ್ಪೆ ಇಳಿಯುತ್ತಿದ್ದರೆ ನಾಗರವೋ ಕಟ್ಟುಹಾವೋ ಇರಬೇಕು. ಎರಡರಲ್ಲೂ ವಿಷಪ್ರತಿರೋಧಕದ 10 ವಯಲ್‌ನಿಂದ ಆರಂಭ. ಅಲರ್ಜಿಯಾದರೆ ಎಂದು ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಈ ಮದ್ದು ಹಿಡಿಯುವುದಿಲ್ಲ, ಅದೂ ಗೊತ್ತಿರಬೇಕು. ಇದರಲ್ಲಿ ನರ್ಸ್ ಮಾಡಲಾರದ್ದು ಯಾವುದಿದೆ? ಒಂದೇ: ‘ಶುರು ಮಾಡಿ’ ಎಂಬ ಆಜ್ಞೆ. ಅದನ್ನು ಫೋನಿನಲ್ಲಿ ಕೊಡಬಲ್ಲ ವೈದ್ಯ ಸಿಗದಿದ್ದರೆ ಅವರು ‘ರೆಫರ್’ ಎಂದು ಬರೆದು ಕಳಿಸುತ್ತಾರೆ. ಬೇರೇನು ಮಾಡಿಯಾರು? ಕೊಟ್ಟು ಏನಾದರೂ ಆದರೆ ಕಾಗದದಲ್ಲಿ ಅವರ ಪರ ಒಂದು ಸಾಲೂ ಇಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ರಾತ್ರಿ ತೆರೆದಿರುತ್ತದೆ ಎಂದು ಹೇಳುವ ಪ್ರತಿ ಕೇಂದ್ರಕ್ಕೆ ಐವರು ನರ್ಸ್‌ಗಳು. ಐವರನ್ನು ಕೊಡಲಾಗದಿದ್ದರೆ ಮೂರು ಕೇಂದ್ರಗಳಲ್ಲಿ ಎರಡರ ಫಲಕ ಇಳಿಸಿ ಒಂದನ್ನು ನಿಜವಾಗಿ ತೆರೆದಿಡಿ. ಸುಳ್ಳು ಫಲಕ ನೋಡಿ ಬಂದವರು ಬೀಗದ ಮುಂದೆ ಕಳೆದುಕೊಳ್ಳುವ ಅರ್ಧ ಗಂಟೆ ಬಹಳ ದುಬಾರಿ. ಉಬ್ಬಸ, ಎದೆನೋವು, ಫಿಟ್ಸ್, ಹಾವು, ಸಕ್ಕರೆ ಇಳಿತ, ಮಕ್ಕಳ ವಾಂತಿಭೇದಿ, ಇವಕ್ಕೆ ನರ್ಸ್ ಏನು ಮಾಡಬಹುದು ಎಂಬ ಆದೇಶ ಜಿಲ್ಲಾ ಆರೋಗ್ಯಾಧಿಕಾರಿಯ ಸಹಿಯೊಂದಿಗೆ ಗೋಡೆಯ ಮೇಲಿರಲಿ. ಆರು ಕೇಂದ್ರಗಳ ಆರು ವೈದ್ಯರು ಸರದಿಯ ಮೇಲೆ ಫೋನಿಗೆ ಸಿಗಲಿ: ಒಬ್ಬೊಬ್ಬರಿಗೆ ಆರು ದಿನಕ್ಕೊಂದು ರಾತ್ರಿ, ಮಾರನೆಯ ಬೆಳಿಗ್ಗೆ ವಿರಾಮ, ಅದಕ್ಕೆ ಭತ್ಯೆ. ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ 2022ರಿಂದ ದಿನವಿಡೀ ಮನಸ್ಸಿನ ಕಾಯಿಲೆಗೆ ಸಲಹೆ ಕೊಡುತ್ತಿದೆ; ಮೈ ಕಾಯಿಲೆಗೆ ಆಗದೆಂಬ ಮಾತಿಲ್ಲ. ನೆಟ್‌ವರ್ಕ್ ಸಿಗದ ಕಡೆ ಸ್ಥಿರ ದೂರವಾಣಿ ಇಡಿ. ಸ್ವತಃ ಎದುರು ನಿಂತು ನೋಡುವ ವೈದ್ಯ ರಾತ್ರಿ ಇರಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಮೂಡಿಗೆರೆಯಲ್ಲಿ ಇರಲಿ, ಹೊಸ ತಾಲ್ಲೂಕಾದ ಕಳಸಕ್ಕೂ ಬರಲಿ.

ಇನ್ನೊಂದು ಮಾತಿಲ್ಲದೆ ಈ ಲೆಕ್ಕ ಮುಗಿಯದು. ರಾತ್ರಿ ಪಾಳಿಯ ನರ್ಸ್ ಹೆಣ್ಣುಮಗಳು, ಎಷ್ಟೋ ಕಡೆ ಒಬ್ಬಳೇ. ಕುಡಿದು ಬಂದವರನ್ನೂ, ಹೊಡೆದಾಡಿ ಬಂದ ಎರಡು ಗುಂಪನ್ನೂ ಅವಳೇ ಎದುರಿಸಬೇಕು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಗೆ ಶಿಕ್ಷೆ ವಿಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2009ರಿಂದ ಇದೆ. ಆದರೆ ಕಾಯ್ದೆಯೊಂದೇ ಸಾಲದು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ತರುಣ ವೈದ್ಯೆ ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಹೋದದ್ದು ಸೆಮಿನಾರ್ ಹಾಲಿಗೆ. ಮಹಾನಗರದ ಮೆಡಿಕಲ್ ಕಾಲೇಜಿನಲ್ಲೇ ಹಾಗಾದರೆ, ಬೆಟ್ಟದ ಮೇಲಿನ ಕೇಂದ್ರದಲ್ಲಿ? ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ನೀರಿರುವ ಶೌಚಾಲಯ, ಅಂಗಳಕ್ಕೊಂದು ದೀಪ, ಜೊತೆಗೆ ಒಬ್ಬ ಕಾವಲಿನವನು. ಇಷ್ಟಿಲ್ಲದೆ ರಾತ್ರಿ ಡ್ಯೂಟಿ ಮಾಡಿ ಎಂದು ಯಾರನ್ನೂ ಕೇಳುವ ಹಕ್ಕು ನಮಗಿಲ್ಲ. ಗುತ್ತಿಗೆಯ ನರ್ಸ್‌ಗಳ ಸಂಬಳದ ವಿಷಯ ಮಾತಾಡಿದರೆ ನಾಚಿಕೆಯಾಗುತ್ತದೆ. ಅದೇ ವಾರ್ಡಿನಲ್ಲಿ ಅದೇ ಕೆಲಸ ಮಾಡುವ ಇಬ್ಬರ ನಡುವೆ ಅಷ್ಟು ಅಂತರ.

ಇವುಗಳಲ್ಲಿ ಕೆಲವಕ್ಕೆ ಬೆಂಗಳೂರು ಮನಸ್ಸು ಮಾಡಬೇಕು. ಕೆಲವಕ್ಕೆ ಬೇಡ. ಪ್ರತಿ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿಯಿದೆ, ಅದರ ಕೈಯಲ್ಲಿ ಒಂದಿಷ್ಟು ಹಣವಿರುತ್ತದೆ, ಊರಿನ ಸದಸ್ಯರೂ ಇರುತ್ತಾರೆ. ಚಿಲಕ, ದೀಪ, ಫೋನು ಅಲ್ಲಿಂದಲೇ ಆಗುವ ಕೆಲಸ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಗ್ರಾಮಸಭೆಯಲ್ಲಿ ‘24 ಗಂಟೆ ಡಾಕ್ಟರು ಬೇಕು’ ಎಂಬ ಹಳೆಯ ಅರ್ಜಿ ಕೊಡಬೇಡಿ. ನಿಮ್ಮ ಕೇಂದ್ರಕ್ಕೆ ಮಂಜೂರಾದ ನರ್ಸ್ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಇವತ್ತು ರಾತ್ರಿ ಡ್ಯೂಟಿಯಲ್ಲಿ ಯಾರಿದ್ದಾರೆ, ಅವರು ಫೋನ್ ಮಾಡಬೇಕಾದ ಡಾಕ್ಟರು ಯಾರು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ತೆಗೆದುಕೊಂಡೇ ಮನೆಗೆ ಹೋಗಿ.